ಹೆಬ್ಬೆರಳ ಉಗುರು

ಪ್ರಾಕ್ಟಿಕಲ್ ದಿನ ಹೂ ತರುವವಳು ತಿಪ್ಪಕ್ಕ.
ಪಿ.ಜೆ. ಬಡಾವಣೆಯ ಕಾಂಪೌಂಡುಗಳ ಮೇಲಿಂದ
ಯಾರೂ ಏಳದ ಹೊತ್ತಿನಲ್ಲಿ ಕಿತ್ತ ದಾಸವಾಳ,
ಒದ್ದೆ ಬಟ್ಟೆಯಲ್ಲಿ ಮೂವತ್ತೆರಡು.
ಹುಡುಗಿಯರಿಗೆ ಒಂದೊಂದು, ಹೆಚ್ಚಿಗೆ ಒಂದು.

ನಾನು ಬೋರ್ಡಿನ ಮೇಲೆ ಬರೆಯುತ್ತೇನೆ: ಕೇಸರ.
ಕೆಳಗೆ ತಂತು, ತುದಿಗೆ ಪರಾಗಕೋಶ,
ಹೊರಗಿನಿಂದ ಎಣಿಸಿದರೆ ಮೂರನೆಯ ಸುತ್ತು.
ಮೊಗ್ಗು ಸಾಸಿವೆಗಿಂತ ಚಿಕ್ಕದಿರುವಾಗ
ಎಲ್ಲವೂ ಬರಿಯ ಉಬ್ಬು,
ಹಲ್ಲು ಬರುವ ಮುಂಚಿನ ಕೂಸಿನ ಒಸಡು;
ಯಾವುದು ಎಸಳು ಯಾವುದು ಕೇಸರ
ಅವಕ್ಕೂ ಗೊತ್ತಿರುವುದಿಲ್ಲ ಆಗ.

ಹುಡುಗಿಯರು ಸೂಜಿ ಹುಡುಕುತ್ತಿದ್ದರು. ಬ್ಲೇಡು ಮೊಂಡು.
ಬಾಗಿಲ ಸ್ಟೂಲಿನಿಂದ ಎದ್ದು ಬಂದ ತಿಪ್ಪಕ್ಕ
ಹೂವನ್ನು ಎಡಗೈಗೆ ತೆಗೆದುಕೊಂಡು
ಬಲ ಹೆಬ್ಬೆರಳ ಉಗುರು ಬುಡಕ್ಕೆ ಕೊಟ್ಟು ಸೀಳಿದಳು.
ಕೇಸರದ ಕೊಳವೆ
ಕಬ್ಬಿನ ರವದಿಯ ಹಾಗೆ ಸುಲಿದು ಬಂತು,
ಒಳಗಿನ ಶಲಾಕೆಗೆ ಒಂದು ಗೀರೂ ಇಲ್ಲ.

‘ಸಂಜಿಕೆ ಮುನ್ನೂರು ತೆಗೀತಿದ್ದೆ ಮೇಡಂ,
ಹನ್ನೊಂದು ವರ್ಷದೋಳು.’

ಭರಮಸಾಗರದ ಆಚೆ ಎರೆ ಹೊಲ, ಹತ್ತಿಯ ಕ್ರಾಸಿಂಗು.
ನಾಲ್ಕು ಸಾಲು ಹೆಣ್ಣು, ಒಂದು ಸಾಲು ಗಂಡು.
ಬಿಸಿಲು ಇಳಿದಾಗಿನಿಂದ ಕೈ ಕಾಣದಷ್ಟು ಕತ್ತಲಾಗುವ ತನಕ
ನಾಳೆ ಅರಳಬೇಕಾದ ಮೊಗ್ಗಿಗೆ ಉಗುರಿಟ್ಟು
ಎಸಳು ಕೇಸರ ಒಟ್ಟಿಗೇ ತೆಗೆದು
ಉಳಿದ ಕಡ್ಡಿಗೆ ಕೆಂಪು ಕಾಗದದ ಕುಲಾವಿ.
ಬೆಳಗ್ಗೆ ಇಬ್ಬನಿ ಆರಿದ ಮೇಲೆ
ಗಂಡು ಸಾಲಿನ ಹೂ ತಂದು, ಕುಲಾವಿ ಎತ್ತಿ,
ತುದಿಗೆ ಮೆಲ್ಲಗೆ ಸವರಿ, ಕೊರಳಿಗೆ ದಾರ.
‘ನಾ ಮಾಡಿದಷ್ಟು ಮದುವೆ
ಯಾವ ಅಯ್ನೋರೂ ಮಾಡಿಲ್ಲ ಬಿಡ್ರಿ.’

ಹುಡುಗಿಯರು ನಕ್ಕರು. ಅವಳೂ.

ಉಗುರು ಕತ್ತರಿಸುವಂತಿರಲಿಲ್ಲ, ಅದೇ ಕುಡುಗೋಲು.
ಸಂದಿಯಲ್ಲಿ ಕೂತ ಹಳದಿ
ರಾತ್ರಿ ಮುದ್ದೆ ಮುರಿದರೆ ಮುದ್ದೆಗೂ ಹತ್ತುತ್ತಿತ್ತು.
ಒಂದೇ ಒಂದು ಕೇಸರ ಉಳಿದು ಸಿಕ್ಕರೂ
ಮೇಸ್ತ್ರಿ ಕೊಟ್ರೇಶಿ ಅವತ್ತಿನ ಕೂಲಿ ಹಿಡಿಯುತ್ತಿದ್ದ:
ಚಿಟಿಕೆ ಧೂಳಿಗೆ ಬೀಜದ ಚೀಲವೇ ಕೆಡುತ್ತದಂತೆ.

ಉಮ್ಮತ್ತಿಯ ಪರಾಗಕೋಶದ ಹಳೆಯ ಸ್ಲೈಡು ಇಟ್ಟು
ನೋಡು ಬಾ ತಿಪ್ಪಕ್ಕ ಎಂದೆ.
ಒಂದು ಕಣ್ಣು ಅಂಗೈಯಿಂದ ಮುಚ್ಚಿ ಬಗ್ಗಿದಳು.
ನಾಲ್ಕು ಕೋಣೆ, ಕೋಣೆ ತುಂಬ ಕಾಳು,
ಕಾಳಿನ ಸುತ್ತ ಒಳಗೋಡೆಯ ಒಂದು ಪದರ.
ಆ ಪದರ ಉಣಿಸುತ್ತದೆ, ತಾನು ಕರಗುತ್ತದೆ,
ಪರಾಗ ಮಾಗಿ ಗೋಡೆ ಬಿರಿಯುವ ಹೊತ್ತಿಗೆ
ಅದು ಇರುವುದೇ ಇಲ್ಲ.
ಹದಿನಾಲ್ಕು ವರ್ಷದಿಂದ ಅದನ್ನು ನಾನು
ಎರಡು ಅಂಕದ ಪ್ರಶ್ನೆ ಎಂದು ಹೇಳಿಕೊಡುತ್ತಿದ್ದೇನೆ.

‘ನಾಕು ಅಂಕಣದ ಮನೆ ಐತಲ್ಲ ಮೇಡಂ ಇದ್ರೊಳಗೆ,’
ತಲೆಯೆತ್ತದೆ ಅಂದಳು.
‘ಎಷ್ಟು ಕೆಡವಿದೀನೋ.’

ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೂ ಎದ್ದು ನಿಲ್ಲಿಸಲಿಲ್ಲ.

ಹೆಚ್ಚಿಗೆ ತಂದ ಒಂದು, ಸುತ್ತೆಸಳಿನ ದಾಸವಾಳ,
ಬಟ್ಟೆಯಲ್ಲೇ ಉಳಿದಿತ್ತು.
ಅಭ್ಯಾಸದ ಉಗುರು ಬುಡಕ್ಕೆ ಹೋಗಿ
ತಡವಿತು, ತಡವರಿಸಿತು.
‘ಇದ್ರುದ್ದು ಯಾರು ತೆಗೆದ್ರು ನನಗಿಂತ ಮುಂಚೆ?’

ಯಾರೂ ತೆಗೆದಿಲ್ಲ, ಎಂದೆ.
ಕೇಸರವಾಗಬೇಕಿದ್ದ ಉಬ್ಬುಗಳು
ಮೊಗ್ಗಿನೊಳಗೇ ದಾರಿ ತಪ್ಪಿ ಎಸಳಾಗಿವೆ.
ಬೀಜ ಇಲ್ಲ. ಕಡ್ಡಿ ನೆಟ್ಟೇ ಬೆಳೆಸಬೇಕು.

ಅವಳು ನಂಬಲಿಲ್ಲ.
ಕೆಂಪನ್ನು ಒಂದೊಂದಾಗಿ ಬಿಡಿಸಿ ಮೇಜಿಗೆ ಹರವಿದಳು,
ಕೂಲಿ ಹಿಡಿಯುವವನು ಹಿಂದೆ ನಿಂತ ಹಾಗೆ.
ಒಳಗೆಲ್ಲೋ ಮುದುರಿದ ಒಂದು ಎಸಳು,
ಅದರ ಅಂಚಿಗೆ ಹೊಲಿಗೆ ಬಿಟ್ಟುಹೋದಂತೆ
ಎರಡು ಮೂರು ಹಳದಿ ಗಂಟು.

ಉಗುರು ಅಲ್ಲಿಯ ತನಕ ಹೋಯಿತು. ನಿಂತಿತು.
‘ಒಂದು ಉಳಕಂಡೈತೆ’ ಎಂದು
ಇದ್ದಂತೆಯೇ ನನ್ನ ಕಡೆ ಸರಿಸಿದಳು.

ರೆಕಾರ್ಡ್ ಪುಸ್ತಕ ಹಿಡಿದು ಮೊದಲ ಬೆಂಚಿನ ಹುಡುಗಿ ಕೇಳಿದಳು:
ಇದನ್ನು ಎಸಳು ಅಂತ ಬರೆಯಲೋ, ಕೇಸರ ಅಂತಲೋ?
ಬಾಣದ ಗುರುತು ಹಾಕು, ಹೆಸರು ಬೇಡ, ಎಂದೆ.
ಅಂಕ ಹೋಗುತ್ತೆ ಮೇಡಂ, ಅಂದಳು.